ಯಾರ ಮನಿಯವ ಅಂತ ಕೇಳದೆ ಎಸ್ ಒತ್ತಬೇಡಿ

ನಮ್ಮ ಕಾಲೇಜಿನ ಆಫೀಸಿನಲ್ಲಿ ಒಂದು ಕಂಪ್ಯೂಟರ್ ಆನ್ ಆದರೆ ಸಾಕು, ವಾರಕ್ಕಾಗುವಷ್ಟು ನಗು ತಾನಾಗಿ ಹುಟ್ಟುತ್ತದೆ. ನಾನು ದಿನಾ ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಬಸ್ಸಿನಲ್ಲಿ ಬಂದು ಕಂಪ್ಯೂಟರ್ ಪಾಠ ಮಾಡುವವಳು. ಹದಿನೆಂಟು ವರ್ಷ ಕಲಿಸಿದ್ದೇನೆ. ಕಲಿತದ್ದು ಮಾತ್ರ ಈಚಿನ ಎರಡು ವರ್ಷದಲ್ಲಿ, ಅದೂ ಆಫೀಸಿಗೆ ಹೊಸದಾಗಿ ಬಂದ ಗುಮಾಸ್ತೆಯಿಂದ.

ಆಕೆ ಕೋಗಳಿ ಕಡೆಯವಳು, ಕುರಿ ಸಾಕುವ ಮನೆಯ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಬಂದ ನೌಕರಿ. ಎರಡು ವರ್ಷ ಕಳೆದು ಪ್ರಿನ್ಸಿಪಾಲರು ಒಳ್ಳೆಯ ವರದಿ ಬರೆದರೆ ಕಾಯಂ. ಇಲ್ಲದಿದ್ದರೆ ಮತ್ತೆ ಕುರಿಹಟ್ಟಿ. ಇದು ಆಫೀಸಿಗೆಲ್ಲ ಗೊತ್ತಿತ್ತು, ಆಕೆಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

೧. ಕರೆಂಟ್ ಹೋದದ್ದು

ಕೆಲವು ಪ್ರೋಗ್ರಾಂ ತೆರೆಯಲು ಹೋದರೆ ಪರದೆಯೆಲ್ಲ ಮಂಕಾಗಿ, ನಡುವೆ ಒಂದು ಚೌಕ ಮೂಡಿ, ‘ಇದನ್ನು ಒಳಗೆ ಬಿಡಲೋ ಬೇಡವೋ’ ಎಂದು ಕೇಳುತ್ತದಲ್ಲ, ಅದು ಆಕೆಯ ಕಂಪ್ಯೂಟರಿನಲ್ಲಿ ಮೊದಲ ಸಲ ಬಂದ ದಿನ ನಮ್ಮ ಸೂಪರಿಂಟೆಂಡೆಂಟರು ಪಕ್ಕದಲ್ಲೇ ಇದ್ದರು. ಪರದೆ ಕಪ್ಪಾದದ್ದು ಕಂಡು ಕರೆಂಟೇ ಹೋಯಿತೆಂದು ತಿಳಿದು, ಮೇಜಿನ ಕೆಳಗಿನ ಯುಪಿಎಸ್‌ಗೆ ಎರಡು ಬಾರಿಸಿದರು. ಅದು ಕುಂಯ್ ಎಂದು ಆರಿತು. ಸಾಲಾಗಿದ್ದ ಮೂರೂ ಕಂಪ್ಯೂಟರ್ ಸತ್ತವು.

“ನಾ ಹೇಳಿರ್ಲಿಲ್ಲೇನು, ಕರೆಂಟ್ ಹೋಗೇತಿ” ಎಂದರು, ಗಿರಗಿರ ತಿರುಗುತ್ತಿದ್ದ ಫ್ಯಾನಿನ ಕೆಳಗೆ ನಿಂತು ಬೆವರು ಒರೆಸಿಕೊಳ್ಳುತ್ತ.

೨. ನಾಯಿ ಸೈತ ಬಿಡಂಗಿಲ್ಲ

ಮಾರನೆಯ ದಿನ ಆಕೆಗೆ ನಾನೇ ಪಾಠ ಮಾಡಿದೆ. ಆ ಚೌಕ ಬಂದಾಗ ಪೂರ್ತಿ ಓದಬೇಕು, ಆ ಪ್ರೋಗ್ರಾಂ ಮಾಡಿದವರ ಹೆಸರು ಕೆಳಗೆ ಇರುತ್ತದೆ, ಗೊತ್ತಿದ್ದವರಾದರೆ ಎಸ್, ಇಲ್ಲವಾದರೆ ನೋ ಎಂದು. ಒಂದು ವಾರ ಕಳೆದಿರಬೇಕು, ಆಕೆ ಕುಳಿತಲ್ಲಿಂದಲೇ ಕರೆದಳು.

“ಮೇಡಂರ, ಇದನ್ನ ಯಾರು ಮಾಡಿದ್ದು ಗೊತ್ತಿಲ್ಲ ಅಂತ ಬರದೈತಿ.”

ನನಗೆ ಕ್ಲಾಸಿಗೆ ಹೊತ್ತಾಗಿತ್ತು. ಏನೂ ಆಗುವುದಿಲ್ಲ, ಎಸ್ ಒತ್ತಿಬಿಡು ಎಂದೆ. ಆಕೆ ತಿರುಗಿ ನನ್ನನ್ನು ಒಂದು ನೋಟ ನೋಡಿದಳು. ಪರೀಕ್ಷೆಯಲ್ಲಿ ನಕಲು ಮಾಡುವವರನ್ನು ನಾನು ನೋಡುವಂಥ ನೋಟ ಅದು.

“ಹಟ್ಟಿಗೆ ಯಾರರ ಬಂದ್ರ ಯಾ ಊರು, ಯಾರ ಮನಿಯವ ಅಂತ ಗೊತ್ತಾಗೋತನ ನಮ್ಮ ನಾಯಿ ಸೈತ ಒಳಗ ಬಿಡಂಗಿಲ್ರಿ” ಎಂದು ನೋ ಒತ್ತಿದಳು.

ನನ್ನ ಲ್ಯಾಪ್‌ಟಾಪು ತೆರೆದ ಕೂಡಲೇ ಇಸ್ಪೀಟಾಟದ ಜಾಹೀರಾತು ಯಾಕೆ ಕುಣಿಯುತ್ತದೆಂದು ಒಂದು ವರ್ಷದಿಂದ ಮನೆಯವರನ್ನೆಲ್ಲ ಬೈಯುತ್ತಿದ್ದೆ. ಅವತ್ತು ಗೊತ್ತಾಯಿತು, ಓದದೆ ಎಸ್ ಒತ್ತಿ ಆ ಇಸ್ಪೀಟಿನವರನ್ನು ಒಳಗೆ ಕರೆದು ಚಾಪೆ ಹಾಸಿ ಕೂರಿಸಿದವಳು ನಾನೇ.

೩. ಬೀಗರ ಜೋಡಿ ಬಂದಾತ

ವರದಿ ಬರೆಯಲು ಒಂದೇ ತಿಂಗಳು ಉಳಿದಿತ್ತು. ಅಂಥ ಹೊತ್ತಿನಲ್ಲಿ ಪ್ರಿನ್ಸಿಪಾಲರು ಹಡಗಲಿಯ ತಮ್ಮ ಬೀಗರಿಂದ ಒಂದು ಪೆನ್‌ಡ್ರೈವ್ ತಂದರು. ಅದರಲ್ಲಿನ ಪ್ರೋಗ್ರಾಂ ಹಾಕಿಕೊಂಡರೆ ಮಕ್ಕಳ ಸರ್ಟಿಫಿಕೇಟುಗಳೆಲ್ಲ ತಾವೇ ಅಚ್ಚಾಗುತ್ತವಂತೆ. ಆಕೆಯ ಕಂಪ್ಯೂಟರಿನಲ್ಲಿ ಅದನ್ನು ತೆರೆದದ್ದೇ ಪರದೆ ಮಂಕಾಯಿತು. ಆಕೆ ಓದಿದಳು. ನೋ ಒತ್ತಿದಳು.

ಪ್ರಿನ್ಸಿಪಾಲರು ನಗುತ್ತಲೇ, “ನಮ್ಮ ಬೀಗರು ಕೊಟ್ಟಾರವಾ, ಎಸ್ ಒತ್ತು” ಎಂದರು.

“ಬೀಗರು ಗೊತ್ರಿ ಸರ್. ಅವರ ಜೋಡಿ ಬಂದಾತ ಯಾರಂತ ಗೊತ್ತಿಲ್ರಿ.”

ಎರಡನೇ ಸಲ ಹೇಳುವಾಗ ಅವರು ನಗಲಿಲ್ಲ. ಆಕೆ ಎರಡನೇ ಸಲವೂ ನೋ ಒತ್ತಿದಳು. ನೌಕರಿ ಹೋಯಿತೆಂದು ಸೂಪರಿಂಟೆಂಡೆಂಟರು ನನಗೆ ಕಣ್ಣಲ್ಲೇ ಹೇಳಿದರು. ಆಕೆ ಮೌಸ್ ಬಿಡಲಿಲ್ಲ. ಪ್ರಿನ್ಸಿಪಾಲರು ಪೆನ್‌ಡ್ರೈವ್ ಕಿತ್ತುಕೊಂಡು ಹೋಗಿ, ತಮ್ಮ ಕೋಣೆಯ ಕಂಪ್ಯೂಟರಿಗೆ ಹಾಕಿ, ಕೈಯಾರೆ ಎಸ್ ಒತ್ತಿದರು.

ಮಾರನೆಯ ದಿನ ಅದರಲ್ಲಿ ಒಂದು ಫೈಲೂ ತೆರೆಯಲಿಲ್ಲ. ಮಕ್ಕಳ ದಾಖಲೆಗಳು ಆಕೆಯ ಕಂಪ್ಯೂಟರಿನಲ್ಲಿ ಸುರಕ್ಷಿತವಾಗಿದ್ದವು. ಸಾಹೇಬರದು ಹೋದದ್ದು ಹನ್ನೆರಡು ವರ್ಷದ ಸ್ವಾಗತ ಭಾಷಣಗಳು ಮಾತ್ರ. ಆ ಸಲದ ವಾರ್ಷಿಕೋತ್ಸವ ಒಂದು ತಾಸು ಮೊದಲೇ ಮುಗಿದು, ಮಕ್ಕಳೆಲ್ಲ ಹೊತ್ತಿರುವಾಗಲೇ ಊಟ ಮಾಡಿದರು.

೪. ವರದಿ

ಆ ಕಂಪ್ಯೂಟರ್ ರಿಪೇರಿ ಮಾಡುತ್ತ ನಾನು ಪ್ರಿನ್ಸಿಪಾಲರ ಕೋಣೆಯಲ್ಲಿದ್ದ ದಿನವೇ ಅವರು ಆಕೆಯನ್ನು ಕರೆಸಿ, ವರದಿಯ ನಮೂನೆ ತುಂಬಲು ಕೂತರು. ‘ಮೇಲಧಿಕಾರಿಗಳ ಆದೇಶ ಪಾಲಿಸುತ್ತಾರೆಯೇ?’ ಎಂದಿತ್ತು. ಮುಂದೆ ಹೌದು, ಇಲ್ಲ. ಅವರ ಪೆನ್ನು ಹೌದಿನ ಕಡೆಗೇ ಹೋಯಿತು. ನಾನು ಉಸಿರು ಬಿಟ್ಟೆ.

ಎದುರು ನಿಂತು ತಲೆಕೆಳಗಾಗಿ ಓದುತ್ತಿದ್ದ ಆಕೆ ಬಾಯಿ ತೆರೆದಳು. “ಸರ್, ನೀವು ಎರಡು ಸಲ ಹೇಳಿದ್ರಿ. ನಾ ಎರಡು ಸಲಾನೂ ಕೇಳ್ಲಿಲ್ಲ.”

ಆಕೆಯ ಕಾಲು ತುಳಿಯಲು ನೋಡಿದೆ. ನಡುವೆ ಮೇಜು ಇತ್ತು.

ಪ್ರಿನ್ಸಿಪಾಲರು ಕನ್ನಡಕ ತೆಗೆದರು. “ಇಲ್ಲ ಅಂತ ಬರದ್ರ ನಿನ್ನ ನೌಕರಿ ಹೋಗತೈತಲ್ಲವಾ.”

“ಪೂರ್ತಿ ಓದ್ರಿ ಸರ್. ಕೆಳಗ ಏನರ ಇರತೈತಿ.”

ಓದಿದರು. ಇತ್ತು. ‘ಇಲ್ಲವಾದಲ್ಲಿ ಕಾರಣ ತಿಳಿಸಿ.’ ಅವರು ‘ಇಲ್ಲ’ಕ್ಕೆ ಗುರುತು ಹಾಕಿ, ಕಾರಣದ ಜಾಗದಲ್ಲಿ ನಿಧಾನವಾಗಿ ಬರೆದರು: ‘ಪಾಲಿಸಿದ್ದರೆ ಕಾಲೇಜಿನ ದಾಖಲೆ ಉಳಿಯುತ್ತಿರಲಿಲ್ಲ. ಕಾಯಂ ಮಾಡಲು ಶಿಫಾರಸು ಮಾಡಿದೆ.’

ನನಗೆ ಕಣ್ಣಲ್ಲಿ ನೀರು ಬಂತು. ಟಪಾಲಿಗೆ ಹಾಕುವ ಕೆಲಸವೂ ಆಕೆಯದೇ ಆದ್ದರಿಂದ ಕಾಗದವನ್ನು ಆಕೆಯ ಕೈಗೇ ಕೊಟ್ಟರು. ಆಕೆ ಮೇಲಿನಿಂದ ಕೆಳಗಿನವರೆಗೆ ಓದಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು, ಮತ್ತೆ ಕಾಗದವನ್ನು ಮೇಜಿನ ಮೇಲಿಟ್ಟು ಅವರ ಕಡೆಗೆ ಸರಿಸಿದಳು.

“ಸರ್, ಕೆಳಗ ಹೆಸರೂ ಇಲ್ಲ, ಸಹೀನೂ ಇಲ್ಲ. ಯಾರು ಮಾಡಿದ್ದು ಅಂತ ಗೊತ್ತಿಲ್ಲದ್ದನ್ನ ನಾ ಬಿಡಂಗಿಲ್ರಿ.”