ಬೋನಿಗೆ ಬಿದ್ದ ಚಿರತೆ ಮತ್ತು ನನ್ನ ಸಿಟ್ಟು

ಪ್ರಾಣಿಗಳನ್ನು ಝೂನಲ್ಲಿ ಇಡಬೇಕೋ ಬೇಡವೋ ಎಂಬ ಬಗ್ಗೆ ನನ್ನ ಅಭಿಪ್ರಾಯ ನಾನು ಎಲ್ಲಿ ಕೂತಿದ್ದೇನೆ ಎನ್ನುವುದರ ಮೇಲೆ ನಿಂತಿದೆ. ಚನ್ನಪಟ್ಟಣದ ನಮ್ಮ ಮನೆಯ ಸೋಫಾದಲ್ಲಿದ್ದಾಗ ಲೋಕದ ಬೋನುಗಳನ್ನೆಲ್ಲ ಇವತ್ತೇ ಮುರಿಸಿಬಿಡಬೇಕು ಅನ್ನಿಸುತ್ತದೆ. ವಿರೂಪಾಕ್ಷಿಪುರದ ಹತ್ತಿರ ತೋಟದ ಮನೆಯಲ್ಲಿರುವ ನನ್ನ ಅತ್ತೆಯ ಜಗಲಿಯಲ್ಲಿ ಮುಸ್ಸಂಜೆ ಕೂತಾಗ, ಇನ್ನೂ ನಾಲ್ಕು ಝೂ ಕಟ್ಟಿಸಿದರೆ ತಪ್ಪೇನು ಅನ್ನಿಸುತ್ತದೆ.

ಅತ್ತೆಯ ಕರುವನ್ನು ಚಿರತೆ ಹೊತ್ತೊಯ್ದ ಮೇಲೆ ಅರಣ್ಯ ಇಲಾಖೆಯವರು ತೋಟದಲ್ಲಿ ಬೋನಿಟ್ಟಿದ್ದರು. ಕಳೆದ ಭಾನುವಾರ ಬೆಳಿಗ್ಗೆ, ಚಿರತೆ ಬಿತ್ತು ಎಂದು ಫೋನ್ ಬಂತು. ನಾನು ಬೈಕಿನಲ್ಲಿ ಹೋಗುವಷ್ಟರಲ್ಲಿ, ಇಲಾಖೆಯವರಿಗಿಂತ ಮೊದಲೇ ಸುತ್ತಲಿನ ಊರುಗಳೆಲ್ಲ ಅಲ್ಲಿ ನೆರೆದಿದ್ದವು. ಬೋನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವವರು, ಮಗುವನ್ನು ಹೆಗಲೇರಿಸಿ ತೋರಿಸುವವರು. ಕೆಂಪು ಶರ್ಟಿನವನೊಬ್ಬ ಕಬ್ಬಿನ ಜಲ್ಲೆಯಿಂದ ತಿವಿಯುತ್ತಿದ್ದ. ಚಿರತೆ ಮೂಲೆಯಲ್ಲಿ ಮುದುಡಿ ನಡುಗುತ್ತಿತ್ತು.

"ಯಾಕ್ಲಾ ತಿವೀತೀಯ?" ಅಂದೆ.

"ಒಸಿ ಎದ್ದು ನಿಂತ್ಕಳ್ಳಿ ಅಂತ ಸಾರ್. ವಿಡಿಯೋದಲ್ಲಿ ಬೆಕ್ಕು ಮನ್ಗಿದಂಗೆ ಕಾಣ್ತೈತೆ."

ನನಗೆ ಮೈಯೆಲ್ಲ ಉರಿದುಹೋಯಿತು. ಹೈಸ್ಕೂಲ್ ಮೇಷ್ಟ್ರಾದ ನನ್ನ ಗಂಟಲಿಗೆ ಮೈಕ್ ಬೇಕಿಲ್ಲ. ಅವನ ಕಬ್ಬು ಕಿತ್ತುಕೊಂಡು, ಬೋನಿನ ಪಕ್ಕದಲ್ಲೇ ನಿಂತು ಶುರುಮಾಡಿದೆ. ಝೂಗೂ ಬರುವವರು ನೀವೇ, ಗಾಜು ಬಡಿಯುವವರೂ ನೀವೇ, ಕರಡಿಗೆ ಚಿಪ್ಸ್ ಎಸೆಯುವವರೂ ನೀವೇ. ಅಲ್ಲಿ ಪ್ರಾಣಿಗಳನ್ನು ನೋಡಿದರೆ ಪ್ರೀತಿ ಹುಟ್ಟುತ್ತದಂತೆ, ಮಣ್ಣು ಹುಟ್ಟುತ್ತದೆ. ಇದನ್ನು ಕಾಡಿಗೇ ಬಿಡಬೇಕು ಎಂದು ಒಂದೊಂದು ಮಾತಿಗೂ ಕಬ್ಬಿನಿಂದ ಕಂಬಿಗೆ ಬಡಿದು ಹೇಳಿದೆ.

ಅತ್ತೆ ಅಡ್ಡಬಂದರು. "ಕಾಡಿಗೆ ಬುಟ್ರೆ ತಿರ್ಗಾ ನನ್ ಕೊಟ್ಗೆಗೇ ಬತ್ತದೆ ಅಳಿಯಂದ್ರೆ. ಝೂನಲ್ಲಿ ಹೊತ್ತೊತ್ತಿಗೆ ಮಾಂಸ ಐತೆ, ಡಾಕ್ಟ್ರು ಅವ್ರೆ. ನನ್ ಮಂಡಿ ನೋವಿಗೆ ಯಾರವ್ರೆ?"

ಅವರ ಮೇಲೂ ಕೂಗಾಡಿದೆ.

ಆಮೇಲೆ ಇಲಾಖೆಯವರು ಬಂದು ಮಂಪರಿನ ಇಂಜೆಕ್ಷನ್ ಕೊಟ್ಟರು. ಡಾಕ್ಟರು ಚಿರತೆಯ ಬಾಯಿ ತೆರೆದು ನೋಡಿದರು. ಗಾಬರಿಯಲ್ಲಿ ಕಂಬಿ ಕಚ್ಚಿ ಕಚ್ಚಿ ಕೋರೆಹಲ್ಲುಗಳು ಮುರಿದಿದ್ದವು. ಇನ್ನು ಇದು ಬೇಟೆಯಾಡಲಾರದು, ಝೂನಲ್ಲೇ ಸಾಕಬೇಕು ಎಂದರು. ನಾನು ಅಷ್ಟೊತ್ತು ಬೈದ ಜಾಗವೊಂದೇ ಅದನ್ನು ಉಳಿಸಬಹುದಾದ ಜಾಗವಾಯಿತು. ನನ್ನ ಸಿಟ್ಟು ನೆತ್ತಿಗೇರಿತು. ಕೆಂಪು ಶರ್ಟಿನವನ ಕಡೆ ನುಗ್ಗಿದೆ. ಅತ್ತೆ ನನ್ನ ತೋಳು ಹಿಡಿದು ಜಗ್ಗಿ, ಕಿವಿಯ ಹತ್ತಿರ ಹೇಳಿದರು. "ಅವ್ನು ತಿವಿದಾಗ ಅದು ಮೂಲೆಗೆ ಸರೀತಿತ್ತು. ಕಂಬಿ ಕಚ್ಚಿದ್ದು ನೀವು ಬಡ್ದು ಕೂಗ್ದಾಗ ಕಣ್ರಪ್ಪಾ."

"ಏನಂದ್ರು ಸಾರ್ ಅಮ್ಮೋರು?" ಎಂದು ಕೆಂಪು ಶರ್ಟಿನವನು ಕೇಳಿದ.

"ಊಟಕ್ಕೆ ಕರೀತಿದಾರೆ" ಎಂದೆ, ಆವತ್ತು ಮೊದಲ ಸಲ ಮೆಲುದನಿಯಲ್ಲಿ.