ಅಣ್ಣ ತಂದ ಕಂಬಳಿ

ನಮ್ಮಣ್ಣನ ಜೊತೆ ದೇವಸ್ಥಾನಕ್ಕೆ ಮಾತ್ರ ಹೋಗಬೇಡಿ. ದೇವರೊಬ್ಬನನ್ನು ಬಿಟ್ಟು ಅಲ್ಲಿರುವುದನ್ನೆಲ್ಲ ನೋಡುತ್ತಾನೆ! ಹಿರಿಯೂರಿನಲ್ಲೊಮ್ಮೆ ಮಂಗಳಾರತಿ ನಡೆಯುತ್ತಿದೆ, ನಾವೆಲ್ಲ ಕಣ್ಣು ಮುಚ್ಚಿ ಕೈಮುಗಿದಿದ್ದೇವೆ, ಇವನು ಮೂಲೆಯಲ್ಲಿ ಕೂತು ಅಜ್ಜಿಯೊಬ್ಬರು ಹೂ ಕಟ್ಟುವುದನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದಾನೆ.

"ಕಣ್ಣಾದ್ರೂ ಮುಚ್ಚಬಾರದೇನಣ್ಣ?" ಎಂದೆ.

"ಮುಚ್ಚಿದ್ರೆ ಕಾಣಾದು ಹೆಂಗವ್ವ?"

ಕ್ರಿಸ್‌ಮಸ್‌ಗೆ ಚಿತ್ರದುರ್ಗದ ಚರ್ಚಿನಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯಂತೆ ಕಟ್ಟಿದ ಗೋದಲಿ ನೋಡಲು ಹೋದೆವು. ಎಲ್ಲರೂ ಬಾಲಯೇಸುವನ್ನು ನೋಡಿದರೆ ಇವನು ಸುತ್ತ ಬೆಳೆಸಿದ್ದ ರಾಗಿ ಪೈರಿನ ಮುಂದೆ ಕೂತುಬಿಟ್ಟ. "ಫಾದರ್, ಎಷ್ಟು ಒತ್ತಾಗಿ ಬಂದೈತ್ರಿ! ಯಾರ ಕೈ ಇದು?" ಫಾದರ್ ಹಿಗ್ಗಿಹೋದರು. ಮರುವರ್ಷದಿಂದ ಅಲ್ಲಿ ರಾಗಿ ಚೆಲ್ಲುವ ಕೆಲಸ ಇವನದೇ! ಸ್ವಂತ ಹೊಲದಲ್ಲಿ ಮಾತ್ರ ಅಷ್ಟು ಚೆನ್ನಾಗಿ ಎಂದೂ ಬೆಳೆಯಲಿಲ್ಲ ಬಿಡಿ.

ನನ್ನ ಮಗಳ ಮದುವೆ ಇಂಥವನ ಕೈಯಲ್ಲಿತ್ತು ಎಂದರೆ ನನ್ನ ಗತಿ ಏನಾಗಿರಬೇಡ! ನಾವು ಕುರಿ ಸಾಕುವ ಮನೆತನದವರು. ಸೋದರಮಾವ ಕರಿ ಕಂಬಳಿ ಹಾಸಿ ಗದ್ದುಗೆ ಮಾಡದೆ ನಮ್ಮಲ್ಲಿ ತಾಳಿ ಕಟ್ಟುವುದಿಲ್ಲ. ಆ ಕಂಬಳಿಯಲ್ಲಿ ತೂತಿರಬಾರದು. ತೀರಿಹೋದ ನಮ್ಮವ್ವನ ಕಂಬಳಿ ರಾಮಗಿರಿಯಲ್ಲಿ ಅಣ್ಣನ ಮನೆಯಲ್ಲಿತ್ತು. ಅದೇ ಆಗಬೇಕೆಂದು ಮಗಳು ಹಟ ಹಿಡಿದಿದ್ದಳು.

ಚಿತ್ರದುರ್ಗದ ಛತ್ರದಲ್ಲಿ ಬೆಳಗಿನಿಂದ ವಾಲಗ ಊದುತ್ತಿದ್ದಾರೆ, ಅಣ್ಣನ ಸುಳಿವಿಲ್ಲ. ಫೋನು ಮಾಡಿದೆ.

"ದರ್ಗಾದ ಹತ್ರ ಅದೀನಿ ಕಣವ್ವ. ಇಲ್ಲೊಬ್ರು ಸಾಯ್ಬ್ರು ಸೂಜಿ ಆಡ್ಸಾದು ನೋಡ್ಬೇಕು ನೀನು! ಏನ್ ಚಂದ..."

ಫೋನು ಸತ್ತಿತು. ನನ್ನ ಜೀವವೂ ಅರ್ಧ ಸತ್ತಿತು. ಮುಹೂರ್ತದ ಹೊತ್ತಿನಲ್ಲಿ ಸೂಜಿಯ ಚಂದ ನೋಡುತ್ತಾನಲ್ಲ, ಇವನೂ ಒಬ್ಬ ಅಣ್ಣನೇ?

ಗಂಡಿನ ದೊಡ್ಡಪ್ಪ ಎದ್ದು ಬಂದರು. "ಏನ್ರಮ್ಮ, ಮುಹೂರ್ತ ಮೀರ್ತಾ ಐತೆ. ಗದ್ದುಗೆ ಇಲ್ದೆ ನಮ್ಮ ಹುಡುಗ ತಾಳಿ ಕಟ್ಟಲ್ಲ. ಎದ್ದು ಹೋಗಾಣ ಅಂತಾವ್ರೆ ನಮ್ಮೋರು."

ಯಾರದ್ದೋ ಕಂಬಳಿ ತರಿಸುವ ಮಾತು ಬಂತು. ಹಸೆಮಣೆಯ ಮೇಲಿದ್ದ ಮಗಳ ಕಣ್ಣು ತುಂಬಿತು. ಅಷ್ಟರಲ್ಲಿ ಬಾಗಿಲಲ್ಲಿ ಅಣ್ಣ! ಆಟೋದಿಂದ ಇಳಿದು, ಕಂಬಳಿಯನ್ನು ಮಗುವಿನಂತೆ ಎದೆಗವಚಿಕೊಂಡು ಓಡಿ ಬರುತ್ತಿದ್ದಾನೆ.

"ಮಾನ ಕಳೆದ್ಯಲ್ಲೋ!" ಎಂದು ಕಿರುಚಿದೆ. ಅಣ್ಣನನ್ನು ಏಕವಚನದಲ್ಲಿ ಬೈದದ್ದು ಛತ್ರಕ್ಕೆಲ್ಲ ಕೇಳಿತು.

"ಬೆಳಿಗ್ಗೆ ಪೆಟ್ಟಿಗೆ ತೆಗುದ್ರೆ ಇಲಿ ಕಡ್ದಿತ್ತವ್ವ. ತೂತಿರಾದು ಹಾಸಂಗಿಲ್ಲ. ಸಾಯ್ಬ್ರು ಮದುವೆ ಕಂಬಳಿ ಅಂತ ಕೇಳಿ ಊಟನೂ ಬಿಟ್ಟು ಕುಂತು ಹೊಲುದ್ರು," ಎನ್ನುತ್ತಾ ಹಾಸಿದ.

ತೂತು ಎಲ್ಲಿತ್ತೆಂದು ಹುಡುಕಿದರೂ ಸಿಗಲಿಲ್ಲ. ಆದರೆ ಒಂದು ಅಂಚಿನಲ್ಲಿ ಸೊಟ್ಟಸೊಟ್ಟಗೆ ಒಂದು ಕೆಂಪು ಹೊಲಿಗೆ ಎದ್ದು ಕಾಣುತ್ತಿತ್ತು. ದೊಡ್ಡಪ್ಪ ಮುಖ ಸಿಂಡರಿಸಿದರು. "ಇದನ್ನೂ ಬಿಚ್ಚಿ ನೀಟಾಗಿ ಹೊಲಿಸಬಾರದಿತ್ತೇನ್ರಿ?"

"ಸಾಯ್ಬ್ರೂ ಬಿಚ್ತೀನಿ ಅಂದ್ರು ರೀ. ಅದೊಂದು ಮುಟ್ಟಬ್ಯಾಡ್ರಿ, ನಮ್ಮವ್ವನ ಕೈ ಅದು ಅಂದೆ."

ನನಗೆ ತಟ್ಟನೆ ನೆನಪಾಯಿತು. ನನ್ನ ಮದುವೆಯ ಹಿಂದಿನ ದಿನ ಇದೇ ಕಂಬಳಿ ಹರಿದಿತ್ತು. ಅವ್ವ ಮಂಜಾದ ಕಣ್ಣಲ್ಲಿ, ಕೈಗೆ ಸಿಕ್ಕ ಕೆಂಪು ದಾರದಲ್ಲಿ ಹೊಲಿದಿದ್ದಳು. ನಾನು ಮರೆತೇಬಿಟ್ಟಿದ್ದೆ. ಅಣ್ಣ ಮರೆತಿರಲಿಲ್ಲ.

ದೊಡ್ಡಪ್ಪ ಬಗ್ಗಿ ಆ ಹೊಲಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡರು. "ಹ್ಞೂಂ, ಊದ್ರಪ್ಪ ವಾಲಗ," ಎಂದರು.

ತಾಳಿ ಕಟ್ಟುವಾಗ ಅಣ್ಣನತ್ತ ನೋಡಿದೆ. ಯಾವ ಗುಡಿಯಲ್ಲೂ ಕಣ್ಣು ಮುಚ್ಚದವನು, ಕಂಬಳಿಯ ಎದುರು ಕೈಮುಗಿದು ಗಟ್ಟಿಯಾಗಿ ಕಣ್ಣು ಮುಚ್ಚಿ ನಿಂತಿದ್ದ. ಮುಚ್ಚಿದರೆ ಕಾಣುವುದು ಹೇಗೆಂದು ನಾನು ಕೇಳಲಿಲ್ಲ. ಪಕ್ಕದಲ್ಲಿ ಹೋಗಿ ನಿಂತು ನಾನೂ ಮುಚ್ಚಿದೆ.