ಎಲ್ಲವೂ ಎರಡೆರಡು

ಮಂಜುಗಡ್ಡೆಯ ಮೇಲೆ ನಡೆದೇ ಬೆಳೆದವರ ಎದುರು ಈ ಕತೆ ಹೇಳುವುದು ಅಧಿಕಪ್ರಸಂಗವೇ ಸರಿ; ತಿಳಿದವರು ಮನ್ನಿಸಬೇಕು.

ಆಲ್ಪ್ಸ್‌ನ ನಮ್ಮೂರಿನವರು ವರ್ಷಕ್ಕೊಮ್ಮೆ ಹಿಮನದಿ ದಾಟಿ ಆಚೆ ದಡದ ಪುಟ್ಟ ಇಗರ್ಜಿಗೆ ಹೋಗುತ್ತಾರೆ. ಬೇಕರಿಯ ಕಿಲಿಯಾನ್ ಹೋದ ವರ್ಷ ಬೂಟಿಗೆ ಕಟ್ಟುವ ಕಬ್ಬಿಣದ ಮುಳ್ಳುಗಳನ್ನು ಮರೆತು, ಚೀಲದ ತುಂಬ ಬ್ರೆಡ್ ತಂದಿದ್ದ. ದಾರಿ ತೋರಿಸುವ ರೆಗುಲಾ, "ಬ್ರೆಡ್ಡನ್ನೇ ಕಾಲಿಗೆ ಕಟ್ಕೋತೀಯಾ?" ಎಂದು ಹಿಮನದಿಯ ಅಂಚಿನಿಂದಲೇ ವಾಪಸ್ಸು ಕಳಿಸಿದಳು. ಅಂದಿನಿಂದ ಅಂಗಡಿಗೆ ಬಂದವರೆಲ್ಲ, "ಮುಳ್ಳಿರೋ ಬ್ರೆಡ್ ಇದ್ಯಾ?" ಎಂದು ಕೇಳತೊಡಗಿದರು.

ಹುಟ್ಟಿದಾಗಿನಿಂದ ಕಿಟಕಿಯಲ್ಲಿ ಕಂಡ ಹಿಮನದಿಯನ್ನು ಕಿಲಿಯಾನ್ ಒಮ್ಮೆಯೂ ತುಳಿದಿರಲಿಲ್ಲ. ಅದೀಗ ಕರಗಿ ಬಿರುಕು ಬಿಟ್ಟಿದೆ, ದಾಟುವುದು ಇದೇ ಕೊನೆಯ ಸಲ ಎಂದು ರೆಗುಲಾ ಸಾರಿದ್ದಳು. ಹಾಗಾಗಿ ಈ ವರ್ಷ ಅವನು ಎಲ್ಲವನ್ನೂ ಎರಡೆರಡು ಕಟ್ಟಿಕೊಂಡ. ಚೀಲ ಗಬ್ಬದ ಹಸುವಿನಂತೆ ಉಬ್ಬಿತ್ತು.

ಏರುದಾರಿಯಲ್ಲಿ ಚೀಸ್ ಮಾಡುವ ಥಿಯೋಫಿಲ್ ಪಕ್ಕಕ್ಕೆ ಬಂದ. "ಕಿಲಿ, ಮಾರಾಯ, ನನ್ನ ಮುಳ್ಳಿನ ಪಟ್ಟಿ ಕಿತ್ತೋಯ್ತು. ನಿನ್ ಹತ್ರ ಇನ್ನೊಂದು ಜೊತೆ ಇರ್ಬೇಕಲ್ಲ?"

ಕೊಟ್ಟ.

ಅಂಚೆಯ ವಾಲ್ಬುರ್ಗಾಳಿಗೆ ಕಪ್ಪು ಕನ್ನಡಕ ಬೇಕಾಯಿತು. "ಇರೋ ಒಂದು ಮೂಗಿಗೆ ಎರಡು ಯಾಕೋ ನಿಂಗೆ? ತಾ ಇಲ್ಲಿ."

ಕೊಟ್ಟ. ಗಂಟೆ ಬಾರಿಸುವ ಮುದುಕ ಮೋರಿಟ್ಸ್ ಕೈಗವಸು ಇಸಿದುಕೊಂಡು, "ಬಿಗಿ ಆಯ್ತಪ್ಪ, ನೀ ಹಾಕ್ಕೊಂಡಿರೋದು ಕೊಡು," ಎಂದ. ಅದನ್ನೂ ಬದಲಿಸಿ ಕೊಟ್ಟ. ಬ್ರೆಡ್ಡಿನ ಮಾತನ್ನು ಯಾರೂ ಎತ್ತಲಿಲ್ಲವೆಂದು ಅವನಿಗೆ ಒಳಗೊಳಗೇ ಖುಷಿ.

ಹಿಮನದಿಯ ಅಂಚಿನಲ್ಲಿ ರೆಗುಲಾ ಎಲ್ಲರ ಚೀಲ ನೋಡಿದಳು. ಕಿಲಿಯಾನನ ಚೀಲದೆದುರು ನಿಂತೇಬಿಟ್ಟಳು.

"ಹಗ್ಗ, ರಾಟೆ, ಕಂಬಳಿ, ಔಷಧಿ... ಬಿರುಕಿಗೆ ಬಿದ್ದೋರನ್ನ ಮೇಲೆ ಎಳೆಯೋದು ಗೊತ್ತಾ?"

"ಚಳಿಗಾಲವೆಲ್ಲ ಹಿಟ್ಟಿನ ಮೂಟೆ ಎಳೆದು ಕಲ್ತೆ."

"ಭೇಷ್! ಇಷ್ಟು ತಯಾರಾಗಿ ಬಂದೋರು ನಮ್ಮೂರಲ್ಲೇ ಇಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಕಿವಿ ಕೆಂಪಾಗಿ, ದಾಟುವವರನ್ನೆಲ್ಲ ಒಂದೇ ಸಾಲಾಗಿ ಬಿಗಿಯುವ ಹಗ್ಗಕ್ಕೆ ತನ್ನನ್ನೂ ಕಟ್ಟಿಕೊಳ್ಳಲು ಅವನು ಮುಂದೆ ಬಂದ.

"ನೀನಲ್ಲಪ್ಪ," ಎಂದಳು ರೆಗುಲಾ. "ಎಳೆಯೋದು ಗೊತ್ತಿರೋರು ಒಬ್ರು ಈ ದಡದಲ್ಲೇ ಕಾಯ್ಬೇಕು, ಅದು ನಮ್ಮ ಪದ್ಧತಿ. ಎಲ್ರೂ ಒಟ್ಟಿಗೆ ಬಿದ್ರೆ ಗತಿಯೇನು? ಯಾರನ್ನ ನಿಲ್ಸೋದು ಅಂತ ನಂಗೆ ಚಿಂತೆ ಹತ್ಕೊಂಡಿತ್ತು. ನೀನು ಉಳಿಸ್ದೆ!"

ಅವನು ಬಂಡೆಯ ಮೇಲೆ ಕುಳಿತ. ಬಿಳುಪಿನಲ್ಲಿ ಸಾಲು ಇರುವೆಗಳಷ್ಟಾಗಿ ಮರೆಯಾಯಿತು. ಯಾರೂ ಬೀಳಲಿಲ್ಲ. ಅವನ ಬೂಟಿನಿಂದ ಒಂದು ಮಾರು ದೂರದಲ್ಲಿ ಹಿಮನದಿಯ ಮಂಜುಗಡ್ಡೆ ಕರಗಿ ತೊಟ್ಟಿಕ್ಕುತ್ತಿತ್ತು.

ಸಂಜೆ ಅವರು ಮರಳುವವರೆಗೂ ಅವನೊಬ್ಬನೇ ಇದ್ದ. ಎದ್ದು ಹೋಗಿ ಮಂಜುಗಡ್ಡೆಯ ಮೇಲೆ ಒಂದು ಹೆಜ್ಜೆಯಾದರೂ ಇಟ್ಟನೋ, ಕಾಯುವವನು ಜಾಗ ಬಿಡಬಾರದೆಂದು ಕುಳಿತೇ ಇದ್ದನೋ, ಅವನು ಯಾರಿಗೂ ಹೇಳಿಲ್ಲ. ನನಗೂ ಗೊತ್ತಿಲ್ಲ.